ತಗಡಿನ ಮೇಲೆ ಕಲ್ಲು ಬರೆದವನು

ಕಳೆದ ವಾರ ಪಕ್ಕದ ಮನೆಯವರು ಗೇಟಿಗೆ ಬಣ್ಣ ಹೊಡೆಸಿದರು. ಬಣ್ಣದವನು ಥಿನ್ನರ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಓಣಿಯ ಹೆಂಗಸರೆಲ್ಲ ಸೆರಗನ್ನು ಮೂಗಿಗೆ ಹಿಡಿದು ಒಳಗೆ ಹೋಗಿ ಕಿಟಕಿ ಹಾಕಿಕೊಂಡರು. ನಾನು ಮಾತ್ರ ಕಟ್ಟೆಯ ಮೇಲೆಯೇ ನಿಂತೆ. ಆ ವಾಸನೆ ವಿಚಿತ್ರ. ಮೊದಲು ಕಳಿತ ಬಾಳೆಹಣ್ಣಿನಂತೆ ಸಿಹಿಯಾಗಿ ಬರುತ್ತದೆ, ಆಮೇಲೆ ಕಣ್ಣಿಗೆ ಹತ್ತುತ್ತದೆ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಸೊಸೆ ಒಳಗೆ ಬನ್ನಿ ಎಂದು ಕರೆದಳು. ಥಿನ್ನರಿನದೇ ನೀರು ಎಂದು ಆಕೆ ತಿಳಿದುಕೊಂಡರೆ ತಿಳಿದುಕೊಳ್ಳಲಿ...

ತಾಂಡೂರಿನ ಈ ನಮ್ಮ ಮನೆಯ ಮುಂದಿನ ಕೋಣೆ ಮೊದಲು ತೊಗರಿ ಚೀಲ ಒಟ್ಟುವ ಜಾಗವಾಗಿತ್ತು. ನಮ್ಮ ಮನೆಯವರದು ಅಡತಿ ವ್ಯಾಪಾರ. ಮಾರುಕಟ್ಟೆಯಲ್ಲೇ ಗೋದಾಮು ಸಿಕ್ಕ ಮೇಲೆ ಕೋಣೆ ಖಾಲಿ ಬಿತ್ತು. ಒಂದು ದಿನ ನಾನು ಪಾಠ ಮುಗಿಸಿ ಶಾಲೆಯಿಂದ ಬರುವಷ್ಟರಲ್ಲಿ ಅದನ್ನು ಯಾರೋ ಒಬ್ಬ ಹುಡುಗನಿಗೆ ಬಾಡಿಗೆಗೆ ಕೊಟ್ಟಾಗಿತ್ತು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ನೋಡಿದರೆ, ಬಾಗಿಲ ಬಳಿ ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟಂಕಿಗಳು ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿದ್ದವು. ತೆಳ್ಳಗೆ, ಎತ್ತರಕ್ಕೆ, ಮೀಸೆ ಈಗಷ್ಟೇ ಗಟ್ಟಿಯಾಗುತ್ತಿದ್ದ ಒಬ್ಬ ಹುಡುಗ ಅವುಗಳ ನಡುವೆ ಕುಕ್ಕುರುಗಾಲಲ್ಲಿ ಕೂತು ನೀರು ಹಾಕಿ ತಿಕ್ಕುತ್ತಿದ್ದ. ಅಂದು ರಾತ್ರಿ ಬೇಳೆ ಸಾರಿಗೂ ಥಿನ್ನರ್ ವಾಸನೆ. ಮನೆಯವರೊಂದಿಗೆ ಕೆಲವು ದಿನ ಮಾತು ಬಿಟ್ಟೆ. ಅವರಿಗೆ ಅದು ಗೊತ್ತಾಯಿತೋ ಇಲ್ಲವೋ, ಇಂದಿಗೂ ನನಗೆ ಅನುಮಾನ.

ಓಣಿಯವರು ಅವನಿಗೆ ಟಂಕಿ ಹುಡುಗ ಎಂದು ಹೆಸರಿಟ್ಟರು. ನಾನೂ ಹಾಗೇ ಕರೆದೆ. ಟಂಕಿಗಳು ಬರುತ್ತಿದ್ದದ್ದು ಜಹೀರಾಬಾದಿನಿಂದ. ಅಲ್ಲಿ ಹೆದ್ದಾರಿಯ ಪಕ್ಕ ಒಬ್ಬ ಉಸ್ತಾದ ಹಳೆಯ ಬುಲೆಟ್ಟುಗಳನ್ನು ಬಿಚ್ಚಿ, ಮುಂದಿನ ಚಕ್ರವನ್ನು ಉದ್ದಕ್ಕೆ ಚಾಚಿಸಿ, ಸೀಟು ಇಳಿಸಿ, ಹ್ಯಾಂಡಲ್ಲು ಎಮ್ಮೆಯ ಕೋಡಿನಂತೆ ಬಗ್ಗಿಸಿ, ಹೆತ್ತ ಕಂಪನಿಯವರಿಗೇ ಗುರುತು ಹತ್ತದಂತೆ ಮಾಡಿಬಿಡುತ್ತಿದ್ದ. ಶೋಕಿಯ ಹುಡುಗರು ಬೀದರಿನಿಂದ, ನಾರಾಯಣಖೇಡದಿಂದ ಅವನ ಬಳಿ ಬರುತ್ತಿದ್ದರು. ಟಂಕಿಯ ಮೇಲೆ ಚಿತ್ರ ಬೇಕೆಂದವರ ಟಂಕಿ ಗೋಣಿಚೀಲದಲ್ಲಿ ಸುತ್ತಿಸಿಕೊಂಡು ಬಸ್ಸಿನ ಮೇಲೆ ಹತ್ತಿ ತಾಂಡೂರಿಗೆ ಬರುತ್ತಿತ್ತು. ಇಲ್ಲಿ ಇವನು ಬರೆದು, ಮತ್ತೆ ಬಸ್ಸು ಹತ್ತಿಸುತ್ತಿದ್ದ.

ಹೆಚ್ಚಿನವರು ಕೇಳುತ್ತಿದ್ದದ್ದು ಬೆಂಕಿಯ ನಾಲಿಗೆ ಇಲ್ಲವೇ ಸಿಂಹದ ಮುಖ. ಇವನು ಬೆಂಕಿ ಬರೆಯುವ ಮುನ್ನ ಸ್ಟೇಷನ್ ರಸ್ತೆಯ ಮಿರ್ಚಿ ಭಜಿ ಬಂಡಿಯ ಮುಂದೆ ಹೋಗಿ ನಿಂತು, ಒಲೆಯನ್ನೇ ನೋಡುತ್ತಿದ್ದ. ಬಂಡಿಯವನು ಇವನು ಉದ್ರಿ ಕೇಳಲು ಬಂದಿದ್ದಾನೆಂದು ಮುಖ ತಿರುಗಿಸುತ್ತಿದ್ದನಂತೆ. ನಾರಾಯಣಖೇಡದ ಒಬ್ಬಾತ ಮಾತ್ರ ಸಿಂಹ ಬೇಡ, ನಮ್ಮ ಮನೆಯ ಎತ್ತು ಬರೆದುಕೊಡು ಎಂದಿದ್ದ. ಇವನು ಕಲ್ಹೇರ್ ಕಡೆಯ ಆತನ ಹಳ್ಳಿಗೇ ಹೋಗಿ, ಎತ್ತನ್ನು ನೋಡಿಕೊಂಡು ಬಂದ. ಅದರ ಒಂದು ಕಿವಿ ಸ್ವಲ್ಪ ಹರಿದಿತ್ತು, ಚಿತ್ರದಲ್ಲೂ ಹರಿದೇ ಇತ್ತು. ಆ ಟಂಕಿ ಹೋಗುವ ದಿನ ನಾನೇ ಗೋಣಿಚೀಲದ ಬದಲು ಹಳೆಯ ಕೌದಿ ಕೊಟ್ಟೆ. ಥಿನ್ನರಿನ ಮೇಲಿನ ನನ್ನ ಸಿಟ್ಟು ಆಗಲೇ ಇಳಿದಿತ್ತೆಂದು ಕಾಣುತ್ತದೆ.

ಅವನ ತಾಯಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗನನ್ನು ಬೆಳೆಸಿದ್ದೇ ಆ ಕಲ್ಲು. ಪಾಲಿಶ್ ಆಗಿ ಬಂದ ಕಲ್ಲನ್ನು ಮುಟ್ಟಿ ನೋಡಿ, ಇದು ಒಳ್ಳೆಯದು, ಇದು ತೆಗೆದುಹಾಕುವುದು ಎಂದು ಬೇರೆ ಮಾಡುವುದು ಆಕೆಯ ಕೆಲಸ. ಮಗನನ್ನೂ ಅಲ್ಲೇ ಮಿಷನ್ನಿಗೆ ನಿಲ್ಲಿಸಬೇಕೆಂದು ಮುನ್ಷಿಯ ಹತ್ತಿರ ಮಾತಾಡಿ ಇಟ್ಟಿದ್ದಳು. ಮಗ ಬ್ರಷ್ ಹಿಡಿದು ಕೂತ. ಗಾಡಿ ಪೆಟ್ರೋಲಿನಿಂದ ಓಡುತ್ತದೆ, ಚಿತ್ರದಿಂದ ಓಡುತ್ತದೆಯೇ ಎಂದು ನಲ್ಲಿಯ ಹತ್ತಿರ ಆಕೆ ಅಂದ ಮಾತು ಓಣಿ ತುಂಬ ಓಡಾಡಿತು. ದಿನಾ ಬೆಳಿಗ್ಗೆ ಬುತ್ತಿ ಹಿಡಿದು ನಮ್ಮ ಮನೆಯ ಮುಂದಿನಿಂದಲೇ ಕಾರ್ಖಾನೆಗೆ ಹೋಗುತ್ತಿದ್ದಳು. ಮಗನ ಕೋಣೆ ಬಂದೊಡನೆ ಮುಖ ಆಚೆ ತಿರುಗುತ್ತಿತ್ತು. ಇವನು ಎಷ್ಟೇ ಕೆಲಸದಲ್ಲಿದ್ದರೂ ಆ ಹೊತ್ತಿಗೆ ತಲೆ ಎತ್ತುತ್ತಿದ್ದ. ನನಗಂತೂ ನೋಡಲಾಗುತ್ತಿರಲಿಲ್ಲ.

ಆಗ ಪ್ರತ್ಯೇಕ ತೆಲಂಗಾಣದ ಹೋರಾಟ ಜೋರಾಗಿತ್ತು. ಸರಕಾರಿ ನೌಕರರೆಲ್ಲ ಕೆಲಸ ಬಿಟ್ಟ ಆ ದೊಡ್ಡ ಸಮ್ಮೆಯಲ್ಲಿ ನಮ್ಮ ಶಾಲೆಗೂ ಬೀಗ ಬಿತ್ತು. ಬೆಳಿಗ್ಗೆ ಧರಣಿಗೆ ಹೋಗಿ ಕೂತು ಬಂದರೆ ಮಧ್ಯಾಹ್ನವೆಲ್ಲ ಖಾಲಿ. ಮಕ್ಕಳಿಗೆ ಗದರಿಸಿ ಅಭ್ಯಾಸವಾದ ಬಾಯಿ, ಎಷ್ಟು ಹೊತ್ತು ಸುಮ್ಮನಿದ್ದೀತು? ಜೋಳ ಹಸನು ಮಾಡುವ ನೆವದಲ್ಲಿ ಮೊರ ಹಿಡಿದು ಅವನ ಕೋಣೆಯ ಬಾಗಿಲಲ್ಲಿ ಕೂರತೊಡಗಿದೆ. ಹಾಗೆ ಕೂತಾಗಲೇ ನಾನು ಅವನ ಸ್ವಂತದ ಗಾಡಿಯನ್ನು ಸರಿಯಾಗಿ ನೋಡಿದ್ದು. ಉಸ್ತಾದ ಕೊಟ್ಟ ಖಾಲಿ ಚೌಕಟ್ಟು, ಎಲ್ಲಿಂದಲೋ ತಂದ ಇಂಜಿನ್ನು, ತಾನೇ ಬೆಸೆದ ಸೀಟು. ಟಂಕಿಯ ಮೇಲೆ ಬೆಂಕಿಯಿಲ್ಲ, ಸಿಂಹವಿಲ್ಲ. ಕಲ್ಲು ಬರೆಯುತ್ತಿದ್ದ.

ತಾಂಡೂರಿನ ಕಲ್ಲೇ. ಬೂದು ನೀಲಿ ಮೈ, ಅಲ್ಲಲ್ಲಿ ಹಳದಿ ಎಳೆ, ಪಾಲಿಶ್ ಆಗಿ ಇನ್ನೂ ನೀರು ಆರದ ಫರಸಿ. ಒಂದು ಪದರ ಬಣ್ಣ ಹಾಕುವುದು, ಒಣಗಿಸುವುದು, ತಿಕ್ಕುವುದು, ಮತ್ತೆ ಹಾಕುವುದು. ಮೇಕೆಯ ಕೂದಲಿನಿಂದ ತಾನೇ ಕಟ್ಟಿದ ಬ್ರಷ್ಷಿನಲ್ಲಿ ಉಸಿರು ಹಿಡಿದು ಎಳೆ ಎಳೆಯುವುದು. ಹೈದರಾಬಾದಿನಲ್ಲಿ ಹೀಗೆ ಕಟ್ಟಿದ ಗಾಡಿಗಳನ್ನೆಲ್ಲ ಸೇರಿಸಿ ತೋರಿಸುತ್ತಾರಂತೆ, ಅಲ್ಲಿಗೆ ಒಯ್ಯುವೆಯಾ ಎಂದು ಕೇಳಿದೆ. ಒಯ್ಯುತ್ತೇನೆ, ಆದರೆ ಅದಕ್ಕೂ ಮೊದಲು ಒಬ್ಬರು ನೋಡಬೇಕು ಎಂದ. ಯಾರೆಂದು ನಾನು ಕೇಳಲಿಲ್ಲ. ಅವನೇ ಹೇಳಿದ.

“ಅವ್ವ ಛಲೋ ಅನ್ನೋದೇನ್ ಬ್ಯಾಡ್ರಿ ಅಕ್ಕೋರೇ. ಒಮ್ಮಿ ಒಳಗ ಬಂದು ನೋಡಿ, ಇದೂ ಕೆಲಸ ಅದ ಅಂದ್ರ ಸಾಕು.”

ಸಮ್ಮೆಯ ನಡುವೆ ಒಂದು ದಿನ ದೊಡ್ಡ ಮೋಟಾರ್ ಸೈಕಲ್ ರ‍್ಯಾಲಿ ಗೊತ್ತಾಯಿತು. ಓಣಿಯ ಹುಡುಗರ ಗಾಡಿಗಳಿಗೆಲ್ಲ ಇವನೇ ಹೋರಾಟದ ಗುಲಾಬಿ ಬಣ್ಣದ ಪಟ್ಟಿ ಎಳೆದು, ತೆಲುಗಿನಲ್ಲಿ ಜೈ ತೆಲಂಗಾಣ ಎಂದು ಬರೆದುಕೊಟ್ಟ. ಆಮೇಲೆ ಅವರು ಇವನ ಗಾಡಿಯ ಕಡೆ ತಿರುಗಿದರು. ಎಲ್ಲರಿಗಿಂತ ಮುಂದೆ ಆ ಉದ್ದ ಚಕ್ರದ ಗಾಡಿಯೇ ಹೋಗಬೇಕು, ಅದೂ ಗುಲಾಬಿಯಾಗಬೇಕು ಎಂದರು. ಅವರಲ್ಲೊಬ್ಬ, ಮನೆಯಲ್ಲಿ ಕನ್ನಡ ಮಾತಾಡುವವನಿಗೆ ತೆಲಂಗಾಣ ಏಕೆ ಬೇಕಾದೀತು ಎಂದು ನಗುತ್ತಲೇ ಚುಚ್ಚಿದ. ನನಗೆ ಮೈ ಉರಿಯಿತು. ನಾನೂ ಮನೆಯಲ್ಲಿ ಕನ್ನಡವೇ ಮಾತಾಡುವವಳು, ಸಂಬಳ ಬಿಟ್ಟು ಧರಣಿಗೆ ಕೂತವಳು. ಬಾಯಿ ತೆರೆಯುವುದರೊಳಗೆ ಇವನು ಪಾನೆ ತೆಗೆದುಕೊಂಡು ಒಂದು ಬೋಲ್ಟು ಬಿಚ್ಚಿ, ಕಲ್ಲಿನ ಟಂಕಿಯನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟ. ಮೂಲೆಯಲ್ಲಿದ್ದ ಒಂದು ಹಳೆಯ ಟಂಕಿಗೆ ಗುಲಾಬಿ ಬಳಿದು, ಒಣಗಿಸಿ, ಅದನ್ನೇ ಕೂರಿಸಿಕೊಂಡ. ಮರುದಿನ ರ‍್ಯಾಲಿಯ ಮುಂದೆ ಅವನೇ ಇದ್ದ. ಅವನಷ್ಟು ಜೋರಾಗಿ ಜೈ ಎಂದವರು ಬೇರೆ ಯಾರೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರ‍್ಯಾಲಿಯಲ್ಲಿ ಲಾಠಿ ಬೀಸಿದರು, ಹುಡುಗರನ್ನು ಹಿಡಿದು ಒಯ್ದರು ಎಂದು ಸುದ್ದಿ ಬಂತು. ನಾನು ಅವನ ಕೋಣೆಯಲ್ಲೇ ಕೂತು ಅವನ ಫೋನಿಗೆ ಹಚ್ಚುತ್ತಲೇ ಇದ್ದೆ. ಆಗ ಅವನ ತಾಯಿ ಓಡಿ ಬಂದಳು. ಕಾರ್ಖಾನೆಯಿಂದ ನೇರವಾಗಿ, ಸೀರೆಯ ತುಂಬ ಕಲ್ಲಿನ ಕೆಸರು. ದಿನಾ ಮುಖ ತಿರುಗಿಸಿ ಹೋಗುತ್ತಿದ್ದ ಬಾಗಿಲನ್ನು ದಾಟಿದ್ದು ಆಕೆಗೇ ತಿಳಿದಿರಲಿಕ್ಕಿಲ್ಲ. ಒಳಗೆ ಬಂದು ಗೋಡೆ ಹಿಡಿದು ನಿಂತಳು. ಅಷ್ಟರಲ್ಲಿ ಫೋನು ಹತ್ತಿತು. ಸುದ್ದಿ ಸುಳ್ಳು. ಇವನು ಕೊಡಂಗಲ್ ರಸ್ತೆಯಲ್ಲಿ ಎಲ್ಲರೊಂದಿಗೆ ಚಹಾ ಕುಡಿಯುತ್ತಿದ್ದ. ಫೋನನ್ನು ಆಕೆಯ ಕಿವಿಗೆ ಹಿಡಿದೆ. ಆಕೆ ಬೈಯಬೇಕಾದಷ್ಟು ಬೈದು, ಅಲ್ಲೇ ನೆಲದ ಮೇಲೆ ಕೂತಳು.

ನಾನು ನೀರು ತಂದುಕೊಟ್ಟೆ. ಕುಡಿದು ಚೆಂಬು ಇಳಿಸುವಾಗ ಆಕೆಯ ಕಣ್ಣು ಎದುರಿನ ಮಣೆಯ ಮೇಲೆ ನಾನಿಟ್ಟಿದ್ದ ಕಲ್ಲಿನ ಟಂಕಿಯ ಮೇಲೆ ಬಿತ್ತು. ಬಾಗಿಲ ಬಿಸಿಲು ನೇರವಾಗಿ ಅದರ ಮೇಲಿತ್ತು. ಬಗ್ಗಿ ನೋಡಿದಳು.

“ಯಾ ಖಣಿದ್ರಿ ಈ ಕಲ್ಲು?”

ನಾನು ನಗಲಿಲ್ಲ. ಅದು ಕಲ್ಲಲ್ಲ, ನಿನ್ನ ಮಗ ತಗಡಿನ ಮೇಲೆ ಬರೆದದ್ದು ಎಂದೆ. ಆಕೆ ನಂಬದೆ ಉಗುರಿನಿಂದ ಬಡಿದಳು. ಟಣ್ ಎಂದಿತು. ಆಗ ಒಂದು ಕೆಲಸ ಮಾಡಿದಳು. ಎದ್ದು, ಸೆರಗಿನಿಂದ ಕೈ ಒರೆಸಿಕೊಂಡು, ಮುಂಗೈಯ ಒಳಭಾಗವನ್ನು ಟಂಕಿಯ ಮೇಲೆ ಇಟ್ಟು, ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಎಳೆದಳು. ವರ್ಷಗಟ್ಟಲೆ ಕಲ್ಲು ಹಿಡಿದು ಅಂಗೈ ಜಡ್ಡುಗಟ್ಟಿ ಏನೂ ತಿಳಿಯದಂತಾಗಿತ್ತಂತೆ, ಕಾರ್ಖಾನೆಯಲ್ಲಿ ಪಾಲಿಶ್ ಪರೀಕ್ಷೆ ಮಾಡುವುದು ಹೀಗೆಯೇ ಎಂದಳು. ಇನ್ನೊಮ್ಮೆ ಎಳೆದಳು. ಮಗ್ಗುಲಿಗೆ ಬಾಗಿ ಬಿಸಿಲಿಗೆ ಹಿಡಿದು ನೋಡಿದಳು.

“ಫಸ್ಟ್ ನಂಬರ್ ಮಾಲ್ ಅದ,” ಅಂದಳು.

ನನಗೆ ಕುಣಿಯುವಂತಾಯಿತು. ಆದರೆ ಆಕೆ ಹೊರಡುವಾಗ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದುಕೊಂಡಳು. “ನಾ ಹಿಂಗ ಅಂದೀನಂತ ಅವ್ನಿಗಿ ಹೇಳಬ್ಯಾಡ್ರಿ ಅಕ್ಕೋರೇ. ಹೇಳಿದ್ರ ಫ್ಯಾಕ್ಟರಿ ಕಡಿ ಮಾರಿ ಸುದ್ದಾ ಹಾಕಂಗಿಲ್ಲ.” ಆಕೆಗೆ ಮಿಷನ್ನಿನ ಕೆಲಸದ ಆಸೆ ಇನ್ನೂ ಹೋಗಿರಲಿಲ್ಲ. ತಾಯಿಯಾದವಳಿಗೆ ಅದು ತಪ್ಪೂ ಅಲ್ಲ. ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಇದು ನಮ್ಮ ಶಾಲೆಯ ಸ್ಟಾಫ್ ರೂಮಿಗೆಲ್ಲ ಗೊತ್ತು. ಸಂಜೆ ಅವನು ಗಂಟಲು ಒಡೆದುಕೊಂಡು, ತಲೆಯ ತುಂಬ ಗುಲಾಲು ಹಾಕಿಕೊಂಡು ಬಂದ. ಗುಲಾಬಿ ಟಂಕಿ ಬಿಚ್ಚತೊಡಗಿದ. ಆ ಬೋಲ್ಟು ಸಡಿಲಾಗುವವರೆಗೂ ನನ್ನಿಂದ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಖಣಿ ಯಾವುದೆಂದು ಕೇಳಿದ್ದು, ಉಗುರಿನಿಂದ ಬಡಿದದ್ದು, ಫಸ್ಟ್ ನಂಬರ್ ಎಂದದ್ದು. ಅವನ ಕೈಯಲ್ಲಿನ ಪಾನೆ ನಿಂತಿತು.

“ಅಂಗೈಲಿಂದ ನೋಡಿದಳೋ, ಮುಂಗೈಲಿಂದ ನೋಡಿದಳೋ?”

“ಮುಂಗೈಲಿಂದ,” ಎಂದೆ.

ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಮೊದಲು ನಕ್ಕ. ಆಮೇಲೆ ಗೋಡೆಯ ಕಡೆ ತಿರುಗಿ ಟಂಕಿಯ ಬಾಯಿಯನ್ನು ಒರೆಸುತ್ತ ಕೂತ, ಬಹಳ ಹೊತ್ತು ಒರೆಸಿದ... ನಾನು ಮೊರ ಎತ್ತಿಕೊಂಡು ಒಳಗೆ ಬಂದೆ. ತಾಯಿಯ ಮುಂದೆ ಗೊತ್ತಿದ್ದವನಂತೆ ತೋರಿಸಿಕೊಳ್ಳಬೇಡ ಎಂದು ಹೇಳಿದ್ದೆ. ಅವನು ಹಾಗೇ ನಡೆದುಕೊಂಡ. ಮರುದಿನ ಬೆಳಿಗ್ಗೆ ಆಕೆ ಎಂದಿನಂತೆ ಮುಖ ತಿರುಗಿಸಿ ಹೋದಳು, ಇವನು ತಲೆ ಎತ್ತಲಿಲ್ಲ, ಸಿಳ್ಳೆ ಹಾಕುತ್ತ ತಿಕ್ಕುತ್ತಿದ್ದ. ಇಬ್ಬರ ನಾಟಕವನ್ನೂ ಬಲ್ಲವಳು ನಾನೊಬ್ಬಳೇ. ಆ ದಿನಗಳಷ್ಟು ಸುಖವಾಗಿ ನಾನು ಎಂದೂ ಜೋಳ ಹಸನು ಮಾಡಿಲ್ಲ.

ಆ ಚಳಿಗಾಲದಲ್ಲಿ, ಉಸ್ತಾದನಿಗೆ ಗಾಡಿ ತೋರಿಸಿ ಅಲ್ಲಿಂದ ಹೈದರಾಬಾದಿಗೆ ಹೋಗುತ್ತೇನೆಂದು ಅವನು ಬೆಳಿಗ್ಗೆ ಜಹೀರಾಬಾದಿಗೆ ಹೊರಟ. ದಾರಿಯಲ್ಲಿ ದಟ್ಟ ಮಂಜು. ಕೆಟ್ಟು ನಿಂತ ಒಂದು ಲಾರಿ ಅವನಿಗೆ ಕಾಣಲಿಲ್ಲ... ನುಜ್ಜುಗುಜ್ಜಾದ ಗಾಡಿಯನ್ನು ಉಸ್ತಾದ ನಮಗಾರಿಗೂ ತೋರಿಸದೆ ತನ್ನಲ್ಲಿಗೇ ಒಯ್ದ. ಹುಡುಗನ ಮನೆಯಲ್ಲಿ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿಟ್ಟಿದ್ದರು. ನಾನು ಹೋಗಿ ಕೂತೆ.

ಕೆಲವು ದಿನದ ಮೇಲೆ ಅವನ ಸಾಮಾನು ಒಯ್ಯಲು ಆಕೆ ಬಂದಳು. ಬ್ರಷ್ಷುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಹೊರಟವಳು ನಿಂತಳು.

“ಅವತ್ತ ನಾ ಹೇಳಬ್ಯಾಡ್ರಿ ಅಂದಿದ್ದೆ, ಅಕ್ಕೋರೇ. ನೀವು... ಹೇಳ್ಲಿಲ್ಲಲ್ರಿ?”

ನಾನು ಮಾತಿಗೆ ತಪ್ಪಿರಲಿ ಎಂಬ ಆಸೆಯಿಂದ ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅವತ್ತೇ ಸಂಜೆ ಹೇಳಿದೆ ಎಂದೆ. ಏನಂದ ಎಂದು ಕೇಳಿದಳು. ಅವನು ಕೇಳಿದ್ದನ್ನೂ, ನಾನು ಕೊಟ್ಟ ಉತ್ತರವನ್ನೂ ಹೇಳಿದೆ. ಆಕೆ ತಲೆಯಾಡಿಸಿದಳು. “ಛಲೋ ಆತ್ರಿ,” ಎಂದು ಗಂಟನ್ನು ಎದೆಗೆ ಹಿಡಿದುಕೊಂಡು ಹೋದಳು.

ಆಮೇಲೆ ರಾಜ್ಯ ಬಂತು. ಓಣಿಯಲ್ಲಿ ಪಟಾಕಿ ಹೊಡೆದರು, ನಾನೂ ಪೇಡೆ ಹಂಚಿದೆ. ಅವನು ಮಾತ್ರ ನೋಡಲಿಲ್ಲ. ಮುಂದಿನ ಕೋಣೆಯಲ್ಲಿ ಈಗ ಯಾರೋ ಮೊಬೈಲ್ ರಿಪೇರಿ ಮಾಡುತ್ತಾರೆ. ನಮ್ಮ ಮನೆಯವರೂ ಇಲ್ಲ. ನಾನೂ ನಿವೃತ್ತಳಾದೆ. ಅವನ ತಾಯಿ ಮಾತ್ರ ಎಲ್ಲಿ ಸಿಕ್ಕರೂ ನನ್ನನ್ನು ನಿಲ್ಲಿಸಿ ಅದೊಂದನ್ನೇ ಕೇಳುತ್ತಾಳೆ. ಮೊನ್ನೆ ಸಂತೆಯಲ್ಲಿ ಕೊತ್ತಂಬರಿ ಆರಿಸುತ್ತಿದ್ದಾಗ ಹಿಂದಿನಿಂದ ಬಂದು ತೋಳು ಹಿಡಿದಳು. ಮಿಷನ್ನಿನ ಸದ್ದಿನಲ್ಲಿ ದುಡಿದೂ ದುಡಿದೂ ಈಗ ಆಕೆಗೆ ಕಿವಿ ಕೇಳಿಸುವುದಿಲ್ಲ. ಹೇಳಿದ್ರಲ್ರಿ ಎಂದಳು. ಹೇಳೀನಿ ಎಂದೆ. ಕೇಳಿಸಲಿಲ್ಲ. ಕೊನೆಗೆ ಆಕೆಯ ಕಿವಿಯ ಹತ್ತಿರ ಬಾಯಿಟ್ಟು, ಸಂತೆಯ ನಡುವೆ ಕೂಗಿದೆ.

“ಹೇಳೀನವ್ವಾ. ಮುಂಗೈಲಿಂದ ನೋಡ್ಯಾಳಂತ ಹೇಳೀನಿ. ಕೇಳ್ಯಾನ, ನಿನ್ನ ಮಗ ಕೇಳ್ಯಾನ.”

ಜಗಳವೆಂದುಕೊಂಡು ಸುತ್ತಲಿನವರು ತಿರುಗಿ ನೋಡಿದರು. ಆಕೆ ನಕ್ಕಳು. ನಾನು ಅವನಿಲ್ಲದ ಇಷ್ಟು ವರ್ಷಗಳಿಗೂ ಸೇರಿಸಿ, ಅಲ್ಲೇ ಕೊತ್ತಂಬರಿಯವಳ ಮುಂದೆ ನಿಂತು ಅತ್ತೆ.