ಹಿತ್ತಲು ದಾಟಿದ ಹೆಪ್ಪು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ನನ್ನ ಕೆಲಸ ಆಕಾಶದ್ದು. ಮೈಗೆ ಮೈ ತಾಗಿಸಿಕೊಂಡಂತಿರುವ ನಾಲ್ಕೈದು ಗ್ಯಾಲಕ್ಸಿಗಳ ಗುಂಪುಗಳಿವೆ. ಅವು ಸುತ್ತುತ್ತಾ ಒಂದರ ಅನಿಲವನ್ನು ಇನ್ನೊಂದು ಜಗ್ಗುತ್ತವೆ. ತಣ್ಣನೆಯ ಆ ಅನಿಲ ಕಳೆದುಕೊಂಡ ಗ್ಯಾಲಕ್ಸಿಯಲ್ಲಿ ಹೊಸ ನಕ್ಷತ್ರ ಹುಟ್ಟುವುದಿಲ್ಲ.

ಆ ವರ್ಷ ರಜೆಗೆ ಸನವಳ್ಳಿಗೆ ಬಂದಾಗಲೂ ಲ್ಯಾಪ್‌ಟಾಪಿನಲ್ಲಿ ಅಂಥದೊಂದು ಗುಂಪಿನ ನಕ್ಷೆಯಿತ್ತು. ಎರಡು ಗ್ಯಾಲಕ್ಸಿಗಳ ನಡುವೆ ಅನಿಲದ ತೆಳು ಎಳೆಯೊಂದು ನನಗೆ ಕಾಣುತ್ತಿತ್ತು. ಅದು ಬರೀ ಉಪಕರಣದ ಗದ್ದಲ, ಅಲ್ಲಿ ನಿಜಕ್ಕೂ ಏನೂ ಇಲ್ಲ ಎನ್ನುತ್ತಿದ್ದರು ನನ್ನ ಪಿಎಚ್‌ಡಿ ಗೈಡ್.

ನಮ್ಮದು ಒಂದೇ ಹಿತ್ತಲಿಗೆ ಎರಡು ಮನೆ. ಪಾಲಾದಾಗಿನಿಂದ ಅವ್ವನಿಗೂ ಅವಳ ನೆಗೆಣ್ಣಿಗೂ, ಅಂದರೆ ನನ್ನ ಚಿಗವ್ವನಿಗೂ, ಮಾತಿಲ್ಲ. ಕಾಕಾ ತೀರಿದ ಮೇಲೆ ಚಿಗವ್ವ ಒಬ್ಬಳೇ. ಅವ್ವ ಹಿಡಿದ ಮೊಲಕ್ಕೆ ಮೂರೇ ಕಾಲು. ಚಿಗವ್ವನ ಮಡಿಲಲ್ಲೇ ಬೆಳೆದ ನನಗೆ ಸಂಕಟವಾಗುತ್ತಿತ್ತು.

ಒಂದು ಸಂಜೆ ದೀಪ ಹಚ್ಚಿಯಾಗಿತ್ತು. ಕಣ್ಣು ದಣಿದು ಹಿತ್ತಲ ಕಟ್ಟೆಗೆ ಬಂದು ಕೂತೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ಚಿಗವ್ವನ ಕಿಟಕಿಯವರೆಗೆ ಬೆಳ್ಳನೆಯ ಎಳೆಯೊಂದು ಚಾಚಿತ್ತು. ಹೊಗೆಯಲ್ಲ, ಮಂಜಲ್ಲ. ಗಾಳಿಗೆ ಬಾಳೆಯೆಲೆ ಆಡುತ್ತಿತ್ತು, ಅದು ಆಡಲಿಲ್ಲ. ಹೆದರಿಕೆಯಾಗಲಿಲ್ಲ; ನಿದ್ದೆ ಹತ್ತುವ ಮುಂಚಿನ ಸುಖ ಮೈಗೆಲ್ಲ ಹರಡಿತು.

ಆಗ ಅವ್ವ ಬಟ್ಟಲು ಹಿಡಿದು ಹೊರಬಂದಳು. "ನಿನ್ನ ಚಿಗವ್ವ ಹೆಪ್ಪು ಕೇಳಾಕತ್ತಾಳ. ಎಷ್ಟ ಸಲ ಕರ್ಯೂದು ಅಕಿ?"

ನನಗೇನೂ ಕೇಳಿಸಿರಲಿಲ್ಲ. ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಕೊಟ್ಟರೆ ಮನೆಯ ಹೈನೇ ಹೋಗುತ್ತದೆ ಎಂದು ನಂಬಿದವಳು ಅವ್ವ. ತವರಿನವರು ಕೇಳಿದರೂ ಕೊಟ್ಟವಳಲ್ಲ. ಅಂಥವಳು ಆ ಎಳೆಯ ಕೆಳಗೇ ಹಿತ್ತಲು ದಾಟಿದಳು.

ಹಿಂದೆಯೇ ಓಡಿದೆ. ಚಿಗವ್ವ ಒಲೆಯ ಮುಂದೆ ಬಿದ್ದಿದ್ದಳು. ಮೈ ಕೆಂಡವಾಗಿತ್ತು, ಗಂಟಲಲ್ಲಿ ದನಿಯೇ ಇರಲಿಲ್ಲ. ಜೀಪಿನಲ್ಲಿ ಮುಂಡಗೋಡದ ಆಸ್ಪತ್ರೆ ಮುಟ್ಟಿಸಿದೆವು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ದನಿ ಬಂದ ಮೇಲೆ ಚಿಗವ್ವ ಅವ್ವನ ಕೈ ಹಿಡಿದಳು. "ನಾ ಕರದಿಲ್ಲ ಅಕ್ಕಾ. ಯಾ ಮಾರೀಲೆ ಕರೀಲಿ?"

"ಸುಮ್ನ ಮಲಕೋ," ಎಂದಳು ಅವ್ವ. "ಕರದಿ."

ಅವ್ವ ಎಳೆಯನ್ನು ಕಂಡಿಲ್ಲ, ನಾನು ಕರೆಯನ್ನು ಕೇಳಿಲ್ಲ. ಮತ್ತೊಮ್ಮೆ ವೀಕ್ಷಣೆ ಮಾಡಿದಾಗ ನಕ್ಷೆಯಲ್ಲಿದ್ದ ಎಳೆ ಮಾಯವಾಗಿತ್ತು. ಗೈಡ್ ಹೇಳಿದ್ದೇ ನಿಜವೆಂದು ಒಪ್ಪಿಕೊಂಡೆ. ಹಿತ್ತಲಿನದನ್ನು ಗದ್ದಲ ಎನ್ನಲು ಮಾತ್ರ ನನಗೆ ಇವತ್ತಿಗೂ ಬಾಯಿ ಬರುತ್ತಿಲ್ಲ.