ಬಿಳಗಿಗೆ ಹೋಗುವ ಬಸ್ಸು

ಪರಿಸರ ಶಿಬಿರ ನಡೆದ ಆ ದಿನ ಶಿರಸಿಯ ಸಭಾಭವನದಲ್ಲಿ ನನ್ನಷ್ಟು ಬೀಗಿದವರು ಇನ್ನೊಬ್ಬರಿರಲಿಲ್ಲ. ಹೊರಗಿನಿಂದ ಬಂದಿದ್ದ ತರಬೇತುದಾರರೊಬ್ಬರು ನಮ್ಮ ಮೊಬೈಲುಗಳಲ್ಲಿ ಪ್ರಶ್ನೆಗಳಿಗೆ ಉತ್ತರ ತುಂಬಿಸಿ, ಒಬ್ಬೊಬ್ಬರೂ ಗಾಳಿಗೆ ಎಷ್ಟು ಇಂಗಾಲ ಬಿಡುತ್ತೇವೆಂದು ಲೆಕ್ಕ ಹಾಕಿಸಿದರು. ಕಾರು ಇದೆಯೇ, ವಿಮಾನ ಹತ್ತಿದ್ದೀರಾ, ಮನೆಯಲ್ಲಿ ಏಸಿ ಇದೆಯೇ? ಎಲ್ಲಕ್ಕೂ ನನ್ನ ಉತ್ತರ ಇಲ್ಲ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೂ ನನ್ನ ವಾಹನ ಸರ್ಕಾರಿ ಬಸ್ಸೇ. ಇಡೀ ಸಭೆಯಲ್ಲಿ ಅತಿ ಕಡಿಮೆ ಇಂಗಾಲ ನನ್ನದು ಎಂದು ಚಪ್ಪಾಳೆ ತಟ್ಟಿದರು.

ಅಂದಿನಿಂದ ಉಳಿದವರೆಲ್ಲ ನನ್ನ ಕಣ್ಣಿಗೆ ತೃಣವಾದರು. ಯಲ್ಲಾಪುರದ ಒಬ್ಬ ಮಹಾಶಯ ರಸ್ತೆ ಬದಿಗೊಂದು ಸಸಿ ನೆಟ್ಟು, ಫೋಟೊ ಹಾಕಿ, ಆ ಪುಣ್ಯದ ಬಲದ ಮೇಲೆ ಸಂಸಾರ ಸಮೇತ ದುಬೈಗೆ ಹಾರಿದ. ಭೈರುಂಬೆ ಕಡೆಯ ಇನ್ನೊಬ್ಬ ಕೂಗಳತೆಯ ಡೇರಿಗೆ ಜೀಪಿನಲ್ಲಿ ಹೋಗಿ, ಬಟ್ಟೆಯ ಚೀಲ ತೋರಿಸಿಕೊಂಡು ಇಳಿಯುತ್ತಿದ್ದ. ಇಂಥವರಿಗೆ ಮಳೆಗಾಲ ಕೆಟ್ಟಿದೆ ಎಂದು ಗೊಣಗುವ ಹಕ್ಕೂ ಇಲ್ಲ ಎಂದು ನಾನು ಮುಖಕ್ಕೇ ಹೇಳಿದ್ದುಂಟು.

ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಗೆ ಮನೆಮನೆಗೆ ಹೋಗಿ, ಅಕ್ಷತೆ ಕೊಟ್ಟು ಕರೆಯಬೇಕು. ಅದಕ್ಕೆಂದು ಕಾರು ಗೊತ್ತುಮಾಡಿ, ಸಿದ್ದಾಪುರದಿಂದ ಯಲ್ಲಾಪುರದವರೆಗೆ ವಾರಗಟ್ಟಲೆ ಸುತ್ತುತ್ತಾರೆ. ನಾನು ಸುತ್ತಲಿಲ್ಲ. ಕರೆಯೋಲೆಯನ್ನು ವಾಟ್ಸಾಪಿನಲ್ಲಿ ಕಳಿಸಿ, ಕೆಳಗೆ ಬರೆದೆ: 'ಪರಿಸರದ ಹಿತದೃಷ್ಟಿಯಿಂದ ಖುದ್ದಾಗಿ ಬಂದು ಕರೆಯುತ್ತಿಲ್ಲ.'

"ಬಿಳಗಿ ಅತ್ತಿಗೆ ಮನಿಗಾದ್ರೂ ಹೋಗಿ ಬಪ್ಪನ," ಎಂದಳು ಹೆಂಡತಿ.

ಬಿಳಗಿಯಲ್ಲಿರುವುದು ನನ್ನ ಅಕ್ಕ. ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನಾರು. ನನಗೆ ಉಣಿಸಿ, ಬರೆಯಲು ಕಲಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳು. "ತತ್ವ ಅಂದ್ರೆ ತತ್ವ. ಅದ್ರಲ್ಲಿ ಅಕ್ಕ ತಂಗಿ ಹೇಳಿ ಇಲ್ಲೆ," ಎಂದೆ. ಈ ಮಾತು ನೆನಪಾದಾಗಲೆಲ್ಲ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ಮದುವೆಗೆ ಎಲ್ಲರೂ ಬಂದರು, ಕಾರುಗಳಲ್ಲಿ. ಅಕ್ಕ ಬರಲಿಲ್ಲ. ಸೋದರತ್ತೆ ಎತ್ತಬೇಕಿದ್ದ ಆರತಿಯನ್ನು ದೂರದ ನೆಂಟಳೊಬ್ಬಳು ಎತ್ತಿದಳು. ಮಗಳು ಬಾಗಿಲ ಕಡೆಗೇ ನೋಡುತ್ತಿದ್ದಳು.

ನಾಲ್ಕನೆಯ ದಿನ ಬಾಡಿಗೆ ಕಾರು ಮಾಡಿಕೊಂಡು ಬಿಳಗಿಗೆ ಹೋದೆ. ಜೀವಮಾನದಲ್ಲಿ ಮೊದಲ ಸಲ ಒಬ್ಬನೇ ಒಂದು ಕಾರಿನಲ್ಲಿ ಕೂತಿದ್ದೆ. ಅಕ್ಕ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು.

"ಬಾ ತಮಾ. ಆಸ್ರಿಗೆ ಎಂತ ಬೇಕು?" ಎಂದಳು, ಬಾಯಾರಿ ಬಂದ ಯಾರನ್ನಾದರೂ ಕೇಳುವ ಹಾಗೆ. ಮಜ್ಜಿಗೆ ಕೊಟ್ಟಳು. ಬೈಯಲಿಲ್ಲ. ನಾನು ಮೇಷ್ಟ್ರಲ್ಲವೇ, ಪಾಠ ಶುರುಮಾಡಿದೆ: ಪೆಟ್ರೋಲು, ಹೊಗೆ, ಇಂಗಾಲ, ಬಿಸಿಯೇರುತ್ತಿರುವ ಭೂಮಿ. ಅವಳು ಹುಣಸೆಬೀಜ ಬೇರೆ ಮಾಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಅಷ್ಟರಲ್ಲಿ ಮನೆಯೆದುರಿನ ರಸ್ತೆಯಲ್ಲಿ ಸಿದ್ದಾಪುರದ ಬಸ್ಸು ಹಾರ್ನ್ ಹಾಕಿ ನಿಂತಿತು. ಇಬ್ಬರು ಇಳಿದರು, ಬಸ್ಸು ಹೊರಟಿತು.

"ಇದು ದಿನಾ ಬತ್ತು ತಮಾ," ಎಂದಳು ಅಕ್ಕ. "ಇದ್ರಲ್ಲಿ ಬಪ್ಪಲಾಗ್ತಿತ್ತಿಲ್ಯ?"

ನಾನು ಹತ್ತಿದರೂ ಬಿಟ್ಟರೂ ಆ ಬಸ್ಸು ಬಿಳಗಿಗೆ ಬರುತ್ತಿತ್ತು, ನನ್ನೊಬ್ಬನಿಂದ ಅದರ ಹೊಗೆಯೇನೂ ಹೆಚ್ಚುತ್ತಿರಲಿಲ್ಲ. ಅದು ನನಗೆ ಗೊತ್ತಿರಲಿಲ್ಲವೆಂದಲ್ಲ. ಮಗಳ ಮದುವೆಗೆ ಕರೆಯಲು ಅಕ್ಷತೆಯ ಚೀಲ ಹಿಡಿದು ಬಸ್ಸಿನಿಂದ ಇಳಿದರೆ, ಕಾರು ಮಾಡಲೂ ಗತಿಯಿಲ್ಲದವನೆಂದು ಜೀಪಿನವನೂ ದುಬೈಯವನೂ ನಕ್ಕಾರೆಂದು ನಾನು ಹೆದರಿದ್ದೆ.