ಪಾಪಯ್ಯನ ಮುಖ

ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಎದುರು ಬೋರ್ಡು ಬರೆಯುತ್ತಿದ್ದ ಗಂಗಯ್ಯನಿಗೆ ತನ್ನ ಕೈಯ ಮೇಲೆ ಬಲು ಹೆಮ್ಮೆ. ಫೋಟೋ ಕೊಟ್ಟರೆ ಸತ್ತವರನ್ನೂ ಎಬ್ಬಿಸಿ ಕೂರಿಸುತ್ತೇನೆ ಎನ್ನುತ್ತಿದ್ದ. ಆ ಬಾಯಿಯೇ ಅವನಿಗೆ ಮುಳುವಾಯಿತು.

ಐವತ್ತೆಂಟನೇ ಇಸವಿಯಲ್ಲಿ ಅರಕಲಗೂಡು ಕಡೆಯ ಮಾರಮ್ಮ ಹಳೆಯ ಫೋಟೋ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಗಂಡ, ಅವಳು, ನಡುವೆ ಹತ್ತು ವರ್ಷದ ಮಗ ಪಾಪಯ್ಯ. ಫೋಟೋ ತೆಗೆಯುವಾಗ ಹುಡುಗ ಕೆಮ್ಮಿದ್ದರಿಂದ ಅವನ ಮುಖ ಮಾತ್ರ ಕಲಸಿಹೋಗಿತ್ತು. ಅದೇ ವರ್ಷ ಕೂಲಿಗೆ ಆಳು ಕರೆದೊಯ್ಯುವ ಮೇಸ್ತ್ರಿಯೊಬ್ಬನ ಹಿಂದೆ ಸಿಲೋನಿನ ಟೀ ತೋಟಕ್ಕೆ ಹೋದ ಹುಡುಗ ಇಪ್ಪತ್ತು ವರ್ಷವಾದರೂ ತಿರುಗಿ ಬಂದಿರಲಿಲ್ಲ.

“ಈಗ ಎಂಗವ್ನೋ ಅಂಗೆ ಬರ್ಕೊಡಪ್ಪಾ. ಅಲ್ಲಿಂದ ಬಂದೋರ್ಗೆಲ್ಲ ತೋರ್ಸಿ ಕೇಳ್ತೀನಿ,” ಎಂದಳು.

ಆಗುವುದಿಲ್ಲ ಎನ್ನಲು ಗಂಗಯ್ಯನಿಗೆ ನಾಲಿಗೆ ಏಳಲಿಲ್ಲ. ತಂದೆಯ ಹಣೆ, ತಾಯಿಯ ಗಲ್ಲ ಕೂಡಿಸಿ ಬರೆದ. ಮೂರು ಸಲ ಅಳಿಸಿದ. ಕೊನೆಗೆ ಕನ್ನಡಿ ನೋಡಿಕೊಂಡು ತನ್ನ ಮುಖವನ್ನೇ ಮೀಸೆ ತೆಗೆದು ಬರೆದು, ಬೋಳುತಲೆಗೆ ಒಳ್ಳೆ ಕ್ರಾಪು ಇಟ್ಟು ಕೊಟ್ಟ. “ನನ್ ಮಗ್ನೇ ಕಣಪ್ಪಾ!” ಎಂದು ಮಾರಮ್ಮ ಗಳಗಳನೆ ಅತ್ತಳು.

ಏಳು ವರ್ಷದ ಮೇಲೆ ಒಂದು ಮಧ್ಯಾಹ್ನ ಟ್ರಂಕು ಹಿಡಿದ ಬಡಕಲು ಮನುಷ್ಯನೊಬ್ಬ ಅಂಗಡಿಗೆ ಬಂದ. ಅವನ ಕನ್ನಡದಲ್ಲಿ ಅರ್ಧ ತಮಿಳು.

“ಅವ್ವನ ಮನೇಲಿರೋ ಪಟ ಬರ್ದೋರು ನೀವಾ ಸಾ? ನಾನು ಪಟದಂಗಿಲ್ವಂತೆ. ಯಾವನೋ ಕಳ್ಳ ಅಂತ ಬಾಗ್ಲಿಂದ್ಲೇ ಅಟ್ಬುಟ್ಲು. ಸಿಲೋನಲ್ಲಿ ನೀನು ಇಂಡಿಯಾದೋನು ಅಂತ ಕಳ್ಸಿದ್ರು, ಇಲ್ಲಿ ನಮ್ಮೋನಲ್ಲ ಅಂತಾರೆ.”

ಗಂಗಯ್ಯ ಅವನ ಮುಖ ನೋಡಿದ. ಅದೇ ತಂದೆಯ ಹಣೆ, ಮಾರಮ್ಮನದೇ ಗಲ್ಲ. ತಪ್ಪು ನನ್ನದು ಎಂದಿದ್ದರೆ ಸಾಕಿತ್ತು. ಸುತ್ತ ಜನವಿದ್ದರು, ಮಾನ ಹೋಗುತ್ತದಲ್ಲ! ಹಾಸನದ ಬಸ್ಸು ಹಾರ್ನ್ ಹಾಕಿತು, ಆತ ಹತ್ತಿಬಿಟ್ಟ. ಬಸ್ಸು ಕಣ್ಮರೆಯಾದ ಮೇಲೆ ಈ ಪುಣ್ಯಾತ್ಮ ಓಡಿದ. ಎರಡು ದಿನ ಹಾಸನವೆಲ್ಲ ಹುಡುಕಿ, ಚನ್ನರಾಯಪಟ್ಟಣದವರೆಗೂ ಹೋಗಿ ಬರಿಗೈಲಿ ಬಂದ.

ಮೂರನೆಯ ದಿನ ಮೀಸೆ ಬೋಳಿಸಿಕೊಂಡು ಮಾರಮ್ಮನ ಮನೆಗೆ ಹೋದ. ಗೋಡೆಯ ಪಟವನ್ನು ಇಳಿಸಿ, ತನ್ನ ಮುಖದ ಪಕ್ಕಕ್ಕೆ ಹಿಡಿದು, ಎಲ್ಲ ಹೇಳಿದ. ಉಗಿಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ನಿಂತ.

ಮುದುಕಿ ಅವನನ್ನೊಮ್ಮೆ ಪಟವನ್ನೊಮ್ಮೆ ನೋಡಿದಳು. ಬೈಯಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತಳು.

“ನೀರ್ ಕೇಳ್ದ ಕಣಪ್ಪಾ,” ಎಂದಳು. “ನನ್ ಮಗ ನೀರ್ ಕೇಳ್ದ. ಕೊಡ್ನಿಲ್ಲ ನಾನು.”